ಎಡಗಡೆಯ ನಾಗಿ

ಕರೀ ರಾಣಿಯನ್ನೂ ಅದರ ಸಂಗಡ ಇನ್ನೆರಡು ಕೆಟ್ಟ ಎಲೆಗಳನ್ನೂ ಆರಿಸಿ ಹೀರಾಬಾಯಿ ಮೌಸಿನ ಮೇಲೆ ಬೆರಳು ಒತ್ತಿದಳು. ಮೂರೂ ಎಲೆಗಳು ಪರದೆಯ ಮೇಲೆ ಜಾರಿಕೊಂಡು ಹೋಗಿ ಎಡಗಡೆಯ ನಾಗಿಯ ಕೈ ಸೇರಿದವು.

"ತಕಾ ನಾಗಿ, ತಿನ್ನು," ಅಂದಳು.

ನಾಗಿ ಏನೂ ಅನ್ನಲಿಲ್ಲ. ಕಂಪ್ಯೂಟರಿನೊಳಗಿನ ನಾಗಿ ಯಾವತ್ತೂ ಏನೂ ಅನ್ನುತ್ತಿರಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು, ತನ್ನ ಸರದಿ ಬಂದಾಗ ಎಲೆ ಹಾಕಿ, ಸೋತರೆ ಸೋತೆ ಅಂತ ತೆಪ್ಪಗಿರುತ್ತಿದ್ದಳು.

ಕಂಪ್ಯೂಟರು ಸೊಸೆ ರೂಪಾಲಿಯದು. ಮದುವೆ ಕರೆಯೋಲೆ ಟೈಪು ಮಾಡಿಕೊಡಲು ಕಾರವಾರದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದುಕೊಂಡಿದ್ದಳು. ಅದರೊಳಗೆ ಒಂದು ಇಸ್ಪೀಟಿನ ಆಟ ಮೊದಲಿಂದಲೇ ಇತ್ತು. ಹೊರಗೆ ಕೂತವರು ಒಬ್ಬರು, ಒಳಗೆ ಯಂತ್ರವೇ ಆಡಿಸುವ ಮೂವರು. ಕೆಂಪು ಆಟೀನು ಎಲೆಗಳು ಮೈಮೇಲೆ ಬೀಳಬಾರದು, ಕರೀ ಇಸ್ಪೀಟು ರಾಣಿಯಂತೂ ಬೀಳಲೇಬಾರದು, ಯಾರ ಲೆಕ್ಕ ಕಡಿಮೆಯೋ ಅವರು ಗೆದ್ದಂತೆ. ಮೊದಲು ಬೇಡದ ಮೂರು ಎಲೆಗಳನ್ನು ಎಡಗಡೆಯವರಿಗೆ ದಾಟಿಸಬಹುದು, ಆಮೇಲೆ ಪ್ರತಿ ಸುತ್ತಿನಲ್ಲೂ ದೊಡ್ಡ ಎಲೆ ಹಾಕಿದವರ ಮೈಮೇಲೆ ಆ ಸುತ್ತಿನ ಎಲೆಗಳೆಲ್ಲ ಬೀಳುತ್ತವೆ. ಒಂದು ಮಧ್ಯಾಹ್ನ ಸೊಸೆ ಆಡುವುದನ್ನು ಹಿಂದೆ ನಿಂತು ನೋಡಿದ ಹೀರಾಬಾಯಿಗೆ ಅಷ್ಟರಲ್ಲೇ ಆಟ ಬಂತು. ಆದರೆ ಒಳಗಿನ ಮೂವರ ಹೆಸರು ಕೇಳಿ ಮುಖ ಸಿಂಡರಿಸಿದ್ದಳು.

"ಇವ್ರೆಲ್ಲ ಯಾರೇ? ಗುರ್ತಿಲ್ದೋರ ಸಂಗ್ತಿಗೆ ನಾ ಆಡೂದಿಲ್ಲ."

"ಹಂಗಾದ್ರೆ ಯಾರು ಬೇಕು ಹೇಳಿ ಅತ್ತೆ, ಕರ್ಸುವಾ," ಎಂದು ರೂಪಾಲಿ ನಗುತ್ತ ಹೆಸರು ಬದಲಿಸಿಕೊಟ್ಟಳು. ಎಡಕ್ಕೆ ನಾಗಿ, ಎದುರಿಗೆ ಕಾಶಿ, ಬಲಕ್ಕೆ ಮಾದಿ. ಮೊದಲಿದ್ದ ಅರ್ಗಾ ಊರಿನ ಮನೆಯ ಜಗಲಿಯಲ್ಲಿ ಊಟದ ಪಾತ್ರೆ ತೊಳೆದಿಟ್ಟು ನಾಲ್ವರೂ ಕೂತುಕೊಳ್ಳುತ್ತಿದ್ದದ್ದು ಹಾಗೆಯೇ. ಅಕ್ಷರ ಇಂಗ್ಲಿಷಿನವು. ಹೀರಾಬಾಯಿಗೆ ಕನ್ನಡವೇ ಕೂಡಿಸಿ ಕೂಡಿಸಿ ಓದಬೇಕು. ಆದರೂ ಅವಳಿಗೆ ಓದುವ ಅಗತ್ಯ ಬೀಳಲಿಲ್ಲ. ಯಾರು ಎಲ್ಲಿ ಕೂತಿದ್ದಾರೆ ಎಂಬುದು ಗೊತ್ತಿದ್ದರೆ ಸಾಕಲ್ಲ.

ಅರ್ಗಾದ ಆ ಮನೆಗಳ ಜಾಗವನ್ನು ಸರ್ಕಾರ ನೌಕಾನೆಲೆಗೆ ತೆಗೆದುಕೊಂಡ ಮೇಲೆ ಜಗಲಿಯೂ ಹೋಯಿತು, ಜನರೂ ದಿಕ್ಕಿಗೊಬ್ಬರಾದರು. ಮಾದಿ ಮಗನ ಹಿಂದೆ ಗೋವೆಗೆ ಹೋದಳು. ಕಾಶಿ ಹೋದ ವರ್ಷ ತೀರಿಕೊಂಡಳು. ಈ ಇಬ್ಬರ ವಿಷಯದಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ನಾಗಿಯದು ಮಾತ್ರ ಹಾಗಲ್ಲ. ನಾಗಿ ಹುಬ್ಬಳ್ಳಿ ದಾರಿಯ ಸುಂಕಸಾಳದಲ್ಲೇ ಇದ್ದಳು, ಅಳಿಯನ ಚಾ ಹೋಟೆಲಿನ ಹಿಂದಿನ ಮನೆಯಲ್ಲಿ, ಗಟ್ಟಿಮುಟ್ಟಾಗಿ. ಇದ್ದೂ ಮಾತಿರಲಿಲ್ಲ.

ಆದದ್ದಿಷ್ಟೇ. ನಾಗಿ ಆಟದಲ್ಲಿ ಮೋಸ ಮಾಡುತ್ತಿದ್ದಳು. ಬೇಡದ ಎಲೆಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಹೆಣ್ಣುದೇವರ ಹಾಗೆ ಕೂತುಬಿಡುವಳು. ಅದು ಉಳಿದ ಮೂವರಿಗೂ ಗೊತ್ತು. ಗೊತ್ತಿದೆಯೆಂಬುದು ನಾಗಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅರ್ಗಾದ ಕೊನೆಯ ದಿನಗಳಲ್ಲಿ ಒಮ್ಮೆ ನಾಗಿಯ ಹೊಸ ಬೀಗರು ಬಂದಿದ್ದರು. ಅಳಿಯನೂ ಇದ್ದ. ಅವತ್ತು ಹೀರಾಬಾಯಿಗೆ ಏನು ಬುದ್ಧಿ ಕೆಟ್ಟಿತೋ, ನಾಗಿಯ ಸೀರೆಯ ಅಡಿಯಿಂದ ಎಲೆ ಎಳೆದು ಎಲ್ಲರೆದುರು ಎತ್ತಿ ಹಿಡಿದು, "ಕಾಣಿ ನಿಮ್ಮ ಬೀಗಿತಿಯ ಕಸುಬು," ಅಂದುಬಿಟ್ಟಳು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಗಿ ಎದ್ದು ಹೋದಳು. ಅಷ್ಟರಲ್ಲಿ ಸಾಮಾನು ಸಾಗಿಸುವ ಲಾರಿಗಳು ಬಂದವು. ಕಾಶಿಯ ಹನ್ನೊಂದನೆಯ ದಿನದ ಊಟಕ್ಕೆ ಇಬ್ಬರೂ ಬಂದಿದ್ದರು, ಪಂಕ್ತಿಯ ಎರಡು ತುದಿಯಲ್ಲಿ ಕೂತು ಉಂಡು ಹೋದರು.

ಅವಳೊಮ್ಮೆ ಬಂದು ಬೈದಾದರೂ ಹೋಗಲಿ ಎಂದು ಹೀರಾಬಾಯಿಗೆ ಎಷ್ಟೋ ಸಲ ಅನಿಸಿತ್ತು. ತಾನೇ ಬಸ್ಸು ಹತ್ತಿ ಹೋಗಲು ಮಾತ್ರ ಕಾಲು ಬರಲಿಲ್ಲ.

"ಇದು ಹಳೇ ಆಟ ಅತ್ತೆ. ಈಗ ಕಾರು ಓಡ್ಸೂದು, ಬಂದೂಕು ಹೊಡ್ಯೂದು, ಏನೇನೋ ಬಂದದೆ," ಎಂದು ರೂಪಾಲಿ ಒಮ್ಮೆ ಕಾರಿನ ಆಟ ಹಾಕಿಕೊಟ್ಟಳು. ಕಾರು ಎರಡು ತಿರುವು ದಾಟುವುದರೊಳಗೆ ಹೀರಾಬಾಯಿಗೆ ತಲೆ ತಿರುಗಿ, ಲಿಂಬೆ ಶರಬತ್ತು ಕುಡಿದು ಮಲಗಬೇಕಾಯಿತು. ಹಳೆಯದೇ ವಾಸಿ. ತಾನೇ ಎಲೆ ಕಲಸುತ್ತದೆ, ತಾನೇ ಹಂಚುತ್ತದೆ. ಒಲೆ ಮೇಲೆ ಅನ್ನ ಇಟ್ಟು ಬಂದಿದ್ದೇನೆ ಅಂತ ನಡುವೆ ಎದ್ದು ಓಡುವುದಿಲ್ಲ. ಎಷ್ಟು ಹೊತ್ತು ಬಿಟ್ಟು ಬಂದರೂ ಅಲ್ಲೇ ಕಾದಿರುತ್ತದೆ.

"ಎಲ್ಲಾ ಸರಿಯೇ," ಅನ್ನುವಳು ಹೀರಾಬಾಯಿ. "ಆದ್ರೆ ಗೆದ್ದಾಗ ಮುಖ ನೋಡೂಕೆ ಯಾರೂ ಇಲ್ಲ ಕಾಣು ಇದ್ರಲ್ಲಿ."

ಮಗ ದೇವಾನಂದ ಆಫೀಸಿನ ಜೀಪು ಓಡಿಸುವವನು. ಅವತ್ತು ಹುಬ್ಬಳ್ಳಿಗೆ ಹೋಗಿ ಬಂದವನೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಆಯೀ, ಸುಂಕಸಾಳದಲ್ಲಿ ಚಾಕ್ಕೆ ನಿಂತಿದ್ದೆ. ನಾಗಕ್ಕ ಸಿಕ್ತು," ಅಂದ.

ಹೀರಾಬಾಯಿಯ ಕೈ ಮೌಸಿನ ಮೇಲೆ ನಿಂತಿತು. "ಏನಂದ್ಳು?"

"ಅವಳೇನನ್ನೂದು? ನಾನೇ ಅಂದೆ. ನಮ್ಮ ಆಯಿ ನಿನ್ನ ಕಂಪ್ಯೂಟರ್ದಲ್ಲಿ ಕೂರ್ಸ್ಕಂಡು ದಿನಾ ಸೋಲಿಸ್ತದೆ ಅಂತ."

"ಅಯ್ಯೋ, ನಿನ್ನ ಬಾಯಿಗೆ ಬೀಗ ಇಲ್ವನಾ! ಹೋಟ್ಲಲ್ಲಿ, ಎಲ್ಲರೆದ್ರಿಗೆ?"

"ಚೇಷ್ಟೆಗೆ ಅಂದೆ ಆಯಿ. ನಾಲ್ಕು ಲಾರಿ ಡ್ರೈವರು ಇದ್ರು, ಅವ್ರೂ ನಕ್ರು."

"ನಕ್ರಾ!" ಹೀರಾಬಾಯಿ ತಲೆ ಮೇಲೆ ಕೈಹೊತ್ತಳು. "ಅದ್ಕೆ ಅವ್ಳು?"

"ಗ್ಲಾಸು ಕುಕ್ಕಿ ಒಳಗೆ ಹೋದ್ಳು."

ಮುಗಿಯಿತು, ಅಂದುಕೊಂಡಳು ಹೀರಾಬಾಯಿ. ಇದ್ದ ಒಂದು ಎಳೆಯೂ ಹರಿಯಿತು. ಎಡಗಡೆಯ ಹೆಸರು ತೆಗೆದುಬಿಡು ಎಂದು ಸೊಸೆಗೆ ಹೇಳಿದಳು. ರೂಪಾಲಿ ತೆಗೆಯಲು ಕೂತಾಗ, "ಬ್ಯಾಡ ಬಿಡು, ಇರ್ಲಿ," ಅಂದಳು.

ಮರುವಾರ ಬಿಸಿಲೇರಿದ ಹೊತ್ತಿಗೆ ಅಂಕೋಲೆ ಕಡೆಯಿಂದ ಬಂದ ಬಸ್ಸು ನಿಂತು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕಪ್ಪು ಕೊಡೆಯೊಂದು ಬಂತು. ಕೊಡೆ ಮಡಚಿದಾಗ ಅದರಡಿ ನಾಗಿ ಇದ್ದಳು. ಮುಡಿಯಲ್ಲಿ ಅಬ್ಬಲಿಗೆ, ಕೈಚೀಲದ ತುಂಬ ಇಶಾಡು ಮಾವಿನಹಣ್ಣು. ಚೀಲವನ್ನು ಹೊಸ್ತಿಲ ಮೇಲೆ ಧೊಪ್ಪನೆ ಇಟ್ಟಳು.

"ಎಲ್ಲುಂಟೆ ಅದು?"

"ಯಾವ್ದು?" ಹೀರಾಬಾಯಿ ಎದ್ದು ಬಾಗಿಲಿಗೆ ಬಂದಳು.

"ನನ್ನ ಹೆಸ್ರು ಇಟ್ಕಂಡು ದಿನಾ ಸೋಲ್ತದಲ್ಲ, ಆ ಮೂಳಿ."

ಒಳಗಿದ್ದ ರೂಪಾಲಿ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಬಿಸ್ಲಲ್ಲಿ ಬಂದಿ. ಕುಂತ್ಕ, ನೀರು ಕುಡಿ."

"ನೀರು ಆಮೇಲೆ. ನನ್ನ ಕೇಳ್ದೆ ನನ್ನ ಸೋಲ್ಸೂಕೆ ನಿಂಗೆ ಯಾರೇ ಹೇಳಿದ್ದು? ನಮ್ಮ ಹೋಟ್ಲಿಗೆ ಬಂದೋರೆಲ್ಲ ಕೇಳ್ತ್ರು, ಇವತ್ತು ಎಷ್ಟಕ್ಕೆ ಸೋತೆ ನಾಗಕ್ಕಾ ಅಂತ!" ಅನ್ನುತ್ತಲೇ ನಾಗಿ ನೇರ ಮೇಜಿನ ಬಳಿ ನಡೆದು, ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಎಲ್ಲಿ ನಾನು?"

ರೂಪಾಲಿ ಎಡಗಡೆ ತೋರಿಸಿದಳು.

"ಇದು ಯಾರು, ಎದ್ರಿಗೆ?"

"ಕಾಶಿ," ಅಂದಳು ಹೀರಾಬಾಯಿ.

ನಾಗಿ ಬಗ್ಗಿದಲ್ಲೇ ನಿಂತಳು. ಬೈಗುಳದ ಓಟಕ್ಕೆ ತಡೆ ಬಿತ್ತು. "ಕಾಶೀನಾ?" ಎಂದು ಆ ಅಕ್ಷರಗಳನ್ನೇ ನೋಡಿದಳು. "ಆಡ್ತದಾ, ಹಂಗೇ?"

"ಆಡ್ತದೆ. ಆದ್ರೆ ಎಲೆ ಹಾಕೂಕೆ ಅವಳಂಗೆ ಹೊತ್ತು ತಕಳೂದಿಲ್ಲ."

"ಹಂಗಾದ್ರೆ ಅದು ಕಾಶಿ ಅಲ್ಲ," ಅಂದಳು ನಾಗಿ, ಕುರ್ಚಿ ಎಳೆದು ಕೂತಳು. "ಏ ರೂಪಾಲಿ, ಈ ಹೀರಾನ ಜಾಗಕ್ಕೆ ನನ್ನ ಹಾಕು. ನನ್ನ ಜಾಗಕ್ಕೆ ಇವಳ್ನ. ನಾನೂ ಕಾಣ್ತೆ."

ರೂಪಾಲಿ ಹೆಸರು ಅದಲುಬದಲು ಮಾಡಿ, ಮೌಸು ಹಿಡಿಯುವುದನ್ನು ತೋರಿಸಿಕೊಟ್ಟಳು. ನಾಗಿ ಅದನ್ನು ಹಿಟ್ಟು ನಾದಿದ ಹಾಗೆ ಒತ್ತಿದಳು. ಇದ್ದಬದ್ದ ಕೆಟ್ಟ ಎಲೆಯನ್ನೆಲ್ಲ ಎಡಗಡೆಯ ಹೀರಾಳಿಗೆ ದಾಟಿಸಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತ ಹೀರಾಬಾಯಿಯ ಕಡೆ ಹುಬ್ಬು ಹಾರಿಸಿದಳು. ಅಷ್ಟಾದರೂ ಸೋತಳು. ಪರದೆಯ ಮೇಲಿನ ಬಾಣ ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಎಲೆ ಅಂದುಕೊಂಡರೆ ಇನ್ನೊಂದು ಬೀಳುತ್ತಿತ್ತು. ಎರಡನೆಯ ಸಲ ಹಂಚಿದಾಗಲೂ ಕರೀ ರಾಣಿ ಬಂದು ಅವಳ ಮಡಿಲಿಗೇ ಬಿತ್ತು.

"ಥೂ! ಇದ್ರ ಸಂಗ್ತಿಗೆ ಎಂಥ ಆಟವೇ? ಸೋತ್ರೂ ಸುಮ್ನೆ, ಗೆದ್ರೂ ಸುಮ್ನೆ. ಈ ಹೀರಾ ನೀನಲ್ಲ ಮಾರಾಯ್ತಿ. ನೀನಾದ್ರೆ ಇಷ್ಟೊತ್ತಿಗೆ ಓಣಿಗೆಲ್ಲ ಕೇಳೂ ಹಾಂಗೆ ಬಾಯಿ ಮಾಡ್ತಿದ್ದೆ."

"ಅವತ್ತು ಮಾಡಿದ್ದೇ ಸಾಕಾಯ್ತು ನಂಗೆ," ಅಂದಳು ಹೀರಾಬಾಯಿ.

ನಾಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಯಾವ್ದು ಹಾಕ್ಲಿ ಈಗ? ಹೇಳು."

"ಕಳಾವರ ರಾಜ ಹಾಕು. ಅದು ಈಗ್ಲೇ ಹೋಗ್ಬೇಕು."

ಹಾಗೆ ಹೇಳಿ ಹೇಳಿ ಆಡಿಸುತ್ತ ಮೂರನೆಯ ಹಂಚು ಬಂತು. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುತ್ತಿದ್ದವು. ಕೈಯಲ್ಲಿ ದೊಡ್ಡ ಇಸ್ಪೀಟು ಎಲೆಗಳೇ ಉಳಿದು, ಎದುರಿನ ಕಾಶಿಯ ಹತ್ತಿರ ಕರೀ ರಾಣಿ ಇರುವುದು ಇಬ್ಬರಿಗೂ ಅಂದಾಜಾಗಿತ್ತು. ಈ ಸುತ್ತಿನಲ್ಲಿ ಅದು ಮೈಮೇಲೆ ಬಿದ್ದರೆ ಮತ್ತೆ ನಾಗಿಯೇ ಕಟ್ಟಕಡೆ. ನಾಗಿಯ ಕೈ ಮೌಸಿನ ಮೇಲೆ ಅಲ್ಲಾಡದೆ ಕೂತಿತ್ತು. ಮೇಜಿನ ಕೆಳಗೆ ನೆಲದ ಮೇಲಿದ್ದ ಕಂಪ್ಯೂಟರಿನ ಸ್ವಿಚ್ಚಿನ ಹಲಗೆಯ ಕಡೆಗೆ ಅವಳ ಕಾಲಿನ ಹೆಬ್ಬೆರಳು ಮೆಲ್ಲಗೆ ಸರಿಯುವುದು ಹೀರಾಬಾಯಿಗೆ ಕಂಡಿತು.

ಟಕ್ ಎಂದಿತು. ಪರದೆ ಕಪ್ಪಾಯಿತು.

"ಅಯ್ಯ! ಕರೆಂಟು ಹೋಯ್ತು ಕಾಣು," ಅಂದಳು ನಾಗಿ. "ಗೆಲ್ಲೂ ಹೊತ್ತಿಗೇ ಹೋಗ್ಬೇಕಾ."

ರೂಪಾಲಿ ಬಾಯಿ ತೆರೆದಳು. ಹೀರಾಬಾಯಿ ಅವಳ ಮೊಣಕೈ ಒತ್ತಿದಳು.

"ಹೌದೇ," ಅಂದಳು. "ನಮ್ಮಲ್ಲಿ ದಿನಾ ಇದೇ ಕತೆ. ಬರೂಕೆ ಹೊತ್ತಾಗ್ತದೆ. ಹಣ್ಣು ಕೊಯ್ಯುವಾ ಬಾ."

ಅವರ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅದರ ಗಾಳಿಗೆ ನಾಗಿಯ ಮುಡಿಯ ಅಬ್ಬಲಿಗೆ ಹೂವೊಂದು ಕಳಚಿ ಹೀರಾಬಾಯಿಯ ಮಡಿಲಿಗೆ ಬಿತ್ತು.