ಅಣ್ಣನ ಮುದ್ರೆ

ನಮ್ಮ ಮಾಲೀಕರು ನಾರ್ವೇಜಿಯನ್ ಬಿಟ್ಟು ಬೇರೇನನ್ನೂ ಓದುವುದಿಲ್ಲ. ಹಾಗಾಗಿ ಆಫೀಸಿನ ಇಂಗ್ಲಿಷ್ ಕಾಗದವೆಲ್ಲ ಮೊದಲು ನನ್ನ ಮೇಜಿಗೆ ಬರುತ್ತದೆ. ನಾನು ಅನುವಾದಿಸಿದ್ದನ್ನು ಪಕ್ಕದ ಕೋಣೆಯ ಪರೀಕ್ಷಕರು, ಮೂಲ ನೋಡದೆ, ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಆಮೇಲೆ ಎರಡನ್ನೂ ಹೋಲಿಸುತ್ತಾರೆ. ಹೊಂದಿದರೆ ಮುದ್ರೆ, ಇಲ್ಲದಿದ್ದರೆ ವಾಪಸ್. ಆ ಪರೀಕ್ಷಕರು ನನ್ನ ಅಣ್ಣ. ಈ ಕೆಲಸ ಕೊಡಿಸಿದವನೂ ಅವನೇ, ಮನೆಯ ಬೀಗದ ಕೈ ಇಟ್ಟುಕೊಳ್ಳುವವನೂ ಅವನೇ. ನನಗೆ ಮೂವತ್ತನಾಲ್ಕು. ಅವನ ಕಣ್ಣಿಗೆ ನಾನಿನ್ನೂ ರಸ್ತೆ ದಾಟಲು ಬಾರದವಳು.

ಬೇರೆ ಊರಿನ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು, ಇಲ್ಲಿನ ಬಿಡುಗಡೆ ಪತ್ರ ತರಬೇಕು. ಅಣ್ಣನಿಗೆ ಹೇಳಿರಲಿಲ್ಲ. ಹೇಳುವ ಧೈರ್ಯ ಇದ್ದಿದ್ದರೆ ಇಷ್ಟು ವರ್ಷ ಯಾಕೆ ಕಾಯುತ್ತಿದ್ದೆ? ಅರ್ಜಿಯಲ್ಲೂ ರಾಜೀನಾಮೆ ಎಂದು ನೇರವಾಗಿ ಬರೆಯಲು ಕೈ ಬರಲಿಲ್ಲ. ‘ಸೋಮವಾರದಿಂದ ಲೀವ್’ ಎಂದು ಬರೆದು ದಾಖಲೆ ಪುಸ್ತಕದ ನಂಬರು ಹಾಕಿಸಿಬಿಟ್ಟೆ. ನಂಬರು ಬಿದ್ದ ಮೂಲವನ್ನು ಯಾರೂ ತಿದ್ದುವಂತಿಲ್ಲ.

ಇಂಗ್ಲಿಷಿನಲ್ಲಿ ರಜೆಗೂ ಅದೇ ಪದ, ಹೊರಡುವುದಕ್ಕೂ ಅದೇ, ಬಿಟ್ಟುಬಿಡುವುದಕ್ಕೂ ಅದೇ. ನಾರ್ವೇಜಿಯನ್‌ನಲ್ಲಿ ಈ ಸೌಕರ್ಯವಿಲ್ಲ, ಒಂದನ್ನು ಆರಿಸಲೇಬೇಕು. ‘ಸ್ಲುತ್ತೆ’ ಎಂದು ಬರೆದೆ. ಅಂದರೆ ಕೆಲಸ ಬಿಡುವುದು.

ಹತ್ತು ನಿಮಿಷಕ್ಕೆ ಕಾಗದ ವಾಪಸ್ ಬಂತು. ಕೆಂಪು ಶಾಯಿಯಲ್ಲಿ ‘ಹೊಂದಿಲ್ಲ’ ಎಂದಿತ್ತು. ಹಿಂದೆಯೇ ಅಣ್ಣನೂ ಬಂದ.

“ಏನ್ ಪುಟ್ಟಿ ಇದು? ಸಿಬ್ಬಂದಿ ಅರ್ಜೀಲಿ ಲೀವ್ ಅಂದ್ರೆ ರಜೆ. ಇಷ್ಟು ವರ್ಷ ನೀನೇ ಹಾಗೆ ಬರ್ದಿದೀಯಲ್ಲ.”

“ಈ ಸಲ ಹಾಗಲ್ಲ ಅಣ್ಣ.”

“ಮತ್ತೆ ಹೇಗೆ?”

ಹಾಗೆ ಕೇಳಿದರೂ ಅವನಿಗೆ ಅರ್ಥವಾಗಿತ್ತು. ಆದರೆ ಮುಖದಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. ಕೋಪ ಮಾಡಿಕೊಂಡಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ನನಗೆ ಅಳು ಬಂತು.

“ಒಂದ್ ವಾರ ಸಾಕಲ್ವಾ?” ಎಂದು ಕೇಳಿದ. ಪೆನ್ನು ಅವನೇ ಕೊಟ್ಟ.

‘ಫೇರಿಯೆ’ ಎಂದು ತಿದ್ದಿದೆ. ರಜೆ. ಅವನು ಕಾಗದ ಒಯ್ದ ಮೇಲೆ ಪಕ್ಕದ ಕೋಣೆಯಲ್ಲಿ ಮುದ್ರೆ ಬಿದ್ದ ಸದ್ದು ಕೇಳಿಸಿತು.

ಊಟವಾದ ಮೇಲೆ ನನ್ನ ಮೇಜಿಗೆ ಇನ್ನೊಂದು ಕಾಗದ ಬಂತು. ಅಣ್ಣನ ಅರ್ಜಿ. ಅದೇ ಸೋಮವಾರದಿಂದ ಒಂದು ವಾರ ಲೀವ್. ಕಾರಣ: ತಂಗಿಯ ಜೊತೆಗಿರಲು.

ಈ ಸಲ ಯಾವ ಪದ ಹಾಕಲಿ ಎಂದು ಯೋಚಿಸುವ ಕೆಲಸವೂ ಇರಲಿಲ್ಲ.