ಆಟಗಾರರ ಟೇಪು

"ಕೂತಲ್ಲೇ ಕೂತು ಬೆರಳಾಡಿಸೋದೂ ಆಟ ಅನ್ನೋದಾದ್ರೆ, ನಮ್ಮ ಕಾಲೇಜು ಆಫೀಸಿನ ಟೈಪಿಸ್ಟ್ ಮೇಡಮ್ಮಿಗೆ ಇಷ್ಟೊತ್ತಿಗೆ ಹತ್ತು ಪದಕ ಬರಬೇಕಿತ್ತು," ಅಂದ ಉದ್ದಜಿಗಿತದವನು, ಶೂ ಬಿಚ್ಚುತ್ತಾ.

ಕಾಲೇಜಿನ ಕ್ರೀಡಾ ಕೊಠಡಿ ಪೂರ್ತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ನಾನು ಗುಂಡು ಎಸೆಯುವವಳು, ತಂಡದ ನಾಯಕಿ. ಮನೆಯಲ್ಲೂ ಮೈದಾನದಲ್ಲೂ ಎಲ್ಲರ ಬಾಯಲ್ಲಿ ಗುಂಡಕ್ಕ. ವಿಡಿಯೋ ಗೇಮ್ ತಂಡಕ್ಕೂ ಕಾಲೇಜಿನ ಜೆರ್ಸಿ ಕೊಡುತ್ತಾರಂತೆ ಎಂಬ ಸುದ್ದಿ ಬೆಳಿಗ್ಗೆಯಷ್ಟೇ ಬಂದು ನಮ್ಮೆಲ್ಲರ ಹೊಟ್ಟೆ ಉರಿಸಿತ್ತು. ಆ ತಂಡದಲ್ಲಿದ್ದವಳು ನನ್ನ ಒಡಹುಟ್ಟಿದ ತಂಗಿ. ನಗು ನಿಂತಾಗ ನೋಡಿದರೆ ಬಾಗಿಲಲ್ಲೇ ನಿಂತಿದ್ದಾಳೆ, ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು.

"ಗುಂಡಕ್ಕ, ಸ್ವಲ್ಪ ಟೇಪ್ ಸುತ್ತಿಕೊಡ್ತೀಯಾ? ಬೆರಳೆಲ್ಲ ಜುಮ್ಮನ್ನುತ್ತೆ."

ಉಳುಕಿದ ಕೀಲಿಗೆ ಸುತ್ತುವ ಅಂಟುಪಟ್ಟಿಯ ಟೇಪಿನ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಅದು ಆಟಗಾರರ ಟೇಪು ಕಣೇ. ಆಟಗಾರರು ನೋವು ಅಂತ ಓಡಿಬರಲ್ಲ, ನುಂಗ್ಕೋತಾರೆ. ಹೋದ ವರ್ಷ ಊದಿದ ಭುಜದಲ್ಲೇ ನಾನು ಎಸೀಲಿಲ್ವಾ?"

"ನುಂಗ್ಕೊಂಡು ಆಡಿದ್ರೆ ನಾನೂ ಆಟಗಾರ್ತಿನಾ?"

"ಮೊದಲು ನುಂಗು. ಆಮೇಲೆ ನೋಡೋಣ."

ಅವಳು ತಲೆಯಾಡಿಸಿ ಹೋದಳು. ಮುಖ ಸಪ್ಪಗಿರಲಿಲ್ಲ, ಅದೇ ಈಗ ನೆನಪಾಗುವುದು. ಏನೋ ಒಂದು ಕೆಲಸ ಸಿಕ್ಕವಳ ಹಾಗಿದ್ದಳು.

ಆಮೇಲೆ ಮೂರು ತಿಂಗಳು ನೋವಿನ ಮಾತೇ ಇಲ್ಲ. ಊಟದ ಚಮಚ ಎಡಗೈಗೆ ಬಂತು. "ಇದೇನೇ ಹೊಸ ಷೋಕಿ," ಅಂದಳು ಅಮ್ಮ. ಜಡೆ ಹೆಣೆದುಕೊಳ್ಳಲಾಗದೆ ಕೂದಲು ಕತ್ತರಿಸಿಕೊಂಡು ಬಂದಳು. ಚೆನ್ನಾಗಿದೆ ಅಂದೆವು. ಊದಿದ ಭುಜ, ಉಳುಕಿದ ಕಾಲು ದೂರದಿಂದಲೇ ಗುರುತಿಸುವ ನನ್ನ ಕಣ್ಣು, ಪಕ್ಕದ ಮಂಚದಲ್ಲಿ ಮಲಗುವವಳ ಕೈಯನ್ನು ನೋಡಲಿಲ್ಲ.

ವಿಡಿಯೋ ಗೇಮ್ ಪಂದ್ಯಾವಳಿಯಲ್ಲಿ ಫೈನಲ್‌ವರೆಗೂ ಆಡಿ ತಂಡಕ್ಕೆ ಎರಡನೇ ಸ್ಥಾನ ತಂದಳು. ಬಹುಮಾನದ ಕಪ್ ಅವಳ ಬಲಗೈಯಿಂದ ಜಾರಿ ವೇದಿಕೆಯ ಮೇಲೆ ಬಿತ್ತು. ಮಾರನೆಯ ದಿನ ಆಸ್ಪತ್ರೆ.

"ನರ ಬಹಳ ದಿನ ಒತ್ತಿಹೋಗಿದೆ," ಅಂದರು ಡಾಕ್ಟರು. "ಆಪರೇಷನ್ ಮಾಡಿದ್ರೂ ಹೆಬ್ಬೆರಳಿಗೆ ಮೊದಲಿನ ಚುರುಕು ಬರುತ್ತೆ ಅಂತ ಹೇಳೋಕಾಗಲ್ಲ. ಶುರುವಿನಲ್ಲೇ ಪಟ್ಟಿ ಕಟ್ಟಿ ಕೈಗೆ ರಜೆ ಕೊಟ್ಟಿದ್ರೆ ಸಾಕಿತ್ತು. ಯಾರಿಗೂ ಹೇಳಲಿಲ್ವೇನಮ್ಮ?"

ನಾನು ಗೋಡೆ ನೋಡಿದೆ.

"ಆಟ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ ಡಾಕ್ಟ್ರೇ," ಅಂದಳು ತಂಗಿ. ಕುಟುಕುವ ದನಿಯಲ್ಲ. ಎದೆಯುಬ್ಬಿಸಿ ಹೇಳಿದಳು, ನಾವೆಲ್ಲ ಹೇಳುತ್ತೇವಲ್ಲ, ಹಾಗೆ.

ಸಂಜೆ ಡಬ್ಬಿಯಿಂದ ಹೊಸ ಟೇಪು ತಂದು ಅವಳ ಮಂಚದ ಮೇಲೆ ಕೂತೆ.

"ಇದು ಆಟಗಾರರದ್ದಲ್ವಾ?" ಎಂದು ನಕ್ಕಳು.

"ಹೂಂ. ಕೈ ಕೊಡು."

"ಹಾಗಾದ್ರೆ ನಾನು..."

"ಹೂಂ ಕಣೇ. ನನಗಿಂತ ದೊಡ್ಡ ಆಟಗಾರ್ತಿ. ತುದಿ ಹಿಡ್ಕೋ."

ಅವಳು ತುದಿಗೆ ಬಲಗೈಯ ಹೆಬ್ಬೆರಳು ಇಟ್ಟಳು. ಬೆರಳು ಒತ್ತಲಿಲ್ಲ. ಟೇಪು ಜಾರಿ, ಉರುಳಿ, ಮಂಚದ ಕೆಳಗೆ ಹೋಯಿತು.