ಯಾರೂ ಹೊರಗೆ ಬಾರದ ಮನೆ

ಒಂದು ಕಡಲ ದಂಡೆಯಲ್ಲಿ ಸನ್ಯಾಸಿ ಏಡಿಗಳ ಊರೊಂದಿತ್ತು. ಸನ್ಯಾಸಿ ಎನ್ನುವುದು ಹೆಸರಿಗಷ್ಟೇ. ಮನೆಯ ಚಿಂತೆ ಅವರಿಗಿದ್ದಷ್ಟು ಯಾವ ಸಂಸಾರಿಗೂ ಇರಲಿಕ್ಕಿಲ್ಲ. ಅವರ ಬೆನ್ನು ಮೆತ್ತಗೆ, ಅದಕ್ಕೆ ಸ್ವಂತ ಚಿಪ್ಪಿಲ್ಲ. ಯಾರೋ ಬಿಟ್ಟುಹೋದ ಶಂಖವನ್ನು ಹೊಕ್ಕು, ಅದನ್ನೇ ಹೊತ್ತು ತಿರುಗಬೇಕು. ಮೈ ಬೆಳೆದರೆ ಅದಕ್ಕಿಂತ ದೊಡ್ಡದು ಬೇಕು. ಬರಿಬೆನ್ನನ್ನು ಬಿಸಿಲಿಗೂ ಕಾಗೆಗೂ ತೋರಿಸಿದವರು ಬಹಳ ಹೊತ್ತು ಬದುಕುವುದಿಲ್ಲ.

ಆದ್ದರಿಂದ ಊರಿಗೊಂದು ಪದ್ಧತಿಯಿತ್ತು. ಯಾರಾದರೂ ಸತ್ತ ವಾಸನೆ ಗಾಳಿಯಲ್ಲಿ ಬಂದರೆ ಮನೆಯೊಂದು ಖಾಲಿಯಾಯಿತೆಂದು ಅರ್ಥ. ಎಲ್ಲರೂ ಓಡಿಬಂದು, ದೊಡ್ಡವರು ಮುಂದೆ, ಚಿಕ್ಕವರು ಹಿಂದೆ, ಸಾಲು ನಿಲ್ಲುವರು. ಮೊದಲನೆಯವನು ಸತ್ತವನ ಮನೆಗೆ, ಎರಡನೆಯವನು ಮೊದಲನೆಯವನು ಬಿಟ್ಟ ಮನೆಗೆ, ಹೀಗೆ ಸಾಲಿನ ತುದಿಯ ಮರಿಯವರೆಗೂ ಎಲ್ಲರಿಗೂ ಒಂದೊಂದು ಹೊಸ ಮನೆ. ನೂಕಾಟವಿಲ್ಲ, ಬೈಗುಳವಿಲ್ಲ. ಒಂದು ಸಾವಿನಿಂದ ಇಷ್ಟೊಂದು ಜನ ಸುಖಪಡುತ್ತಿದ್ದ ಊರು ಇನ್ನೊಂದಿರಲಿಲ್ಲ.

ಒಂದು ದಿನ ಅಲೆಗಳು ಪ್ಲಾಸ್ಟಿಕ್ ಬಾಟಲಿಯೊಂದನ್ನು ತಂದು ಹಾಕಿದವು. ಅದು ಮರಳಲ್ಲಿ ಅರ್ಧ ಹೂತು, ಬಾಯಿಯನ್ನು ತುಸು ಮೇಲೆ ಮಾಡಿ ಮಲಗಿತು. ಮುದುಕ ಮಂಕಾಳಜ್ಜ ನೆರಳಿಗೆಂದು ಒಳಗಿಳಿದ. ನುಣುಪಾದ ಗೋಡೆಯ ಮೇಲೆ ಕಾಲು ನಿಲ್ಲಲಿಲ್ಲ. ಹತ್ತಿ ಜಾರಿ, ಹತ್ತಿ ಜಾರಿ, ಬಿಸಿಲಿಗೆ ಬೆಂದು ಒಳಗೇ ಸತ್ತ.

ವಾಸನೆ ಬಂತು, ಸಾಲು ನಿಂತಿತು. ಸತ್ತವನ ಶಂಖ ಹೊರಗೆಲ್ಲೂ ಕಾಣದೆ ಮೊದಲನೆಯವನು ತನ್ನ ಮನೆಯನ್ನು ಹೊತ್ತೇ ಒಳಗಿಳಿದ, ಹಿಂದಿನವರಿಗೆ ಏನನ್ನೂ ಬಿಡಲಿಲ್ಲ. ಹಾಗಾಗಿ ಎರಡನೆಯವನೂ ಇಳಿದ, ಮೂರನೆಯವನೂ ಇಳಿದ. ಒಳಗೆ ಸತ್ತವರು ಹೆಚ್ಚಿದಂತೆ ವಾಸನೆ ಹೆಚ್ಚಿತು, ವಾಸನೆ ಹೆಚ್ಚಿದಂತೆ ಸಾಲು ಬೆಳೆಯಿತು. ಇನ್ನೂ ಜೀವವಿದ್ದವರು ಗೋಡೆಗೆ ಒತ್ತಿಕೊಂಡು ಮುಂಗಾಲು ಬೀಸುವುದು ಹೊರಗಿನವರಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ನೋಡಿ, ಕರೀತಾ ಇದ್ದಾರೆ," ಎಂದ ಊರ ಯಜಮಾನ ಬೀರಯ್ಯ. "ಒಳಗೆ ಎಷ್ಟು ಚಂದ ಇರಬೇಕು! ಹೋದವರು ಒಬ್ಬರಾದರೂ ವಾಪಸ್ ಬಂದಿದ್ದಾರಾ?"

ಸಾಲಿನ ನಡುವೆ, ಬೀರಯ್ಯನಿಗಿಂತ ಒಂದು ಹೆಜ್ಜೆ ಮುಂದೆ, ಹೊನ್ನಿ ಇದ್ದಳು. ಅವಳ ಹಿಂದೆ, ಕೊನೆಯಲ್ಲಿ, ಅವಳೇ ಸಾಕಿ ದೊಡ್ಡವಳನ್ನಾಗಿ ಮಾಡಿದ ತಂಗಿ ಬೊಮ್ಮಿ. ಬೀರಯ್ಯನ ಮಾತು ಕೇಳಿ ಹೊನ್ನಿಗೆ ಅನುಮಾನ ಬಂತು. ಅವಳು ಸಾಲು ಬಿಟ್ಟು ಬಂದು ಗೋಡೆಯಾಚೆ ಇಣುಕಿದಳು.

"ಬೀರಣ್ಣ, ಅವರು ಕರೀತಾ ಇಲ್ಲ. ಹತ್ಲಿಕ್ಕೆ ಆಗದೆ ಒದ್ದಾಡ್ತಾ ಇದ್ದಾರೆ."

"ನಿಂಗೆ ಎಂತಕ್ಕೆ ಹೊಟ್ಟೆಕಿಚ್ಚು ಮಾರಾಯ್ತಿ? ನಿನ್ನ ಸರದಿಯೂ ಬರ್ತದೆ."

ಎಲ್ಲರೂ ನಕ್ಕರು. ಬೊಮ್ಮಿಗೆ ನಾಚಿಕೆಯಾಯಿತು. "ಅಕ್ಕಾ, ಸುಮ್ಮನೆ ಬಾ. ನನ್ನ ಮನೆ ಬಿಗಿಯಾಗಿ ಬೆನ್ನು ನೋಯ್ತದೆ. ನೀನು ಹೀಗೆ ತಡ ಮಾಡಿದರೆ ನಂಗೆ ಯಾವಾಗ ಸಿಗೋದು?"

ಹೊನ್ನಿ ಸಾಲಿಗೆ ಮರಳಿದಳು. ಮಧ್ಯಾಹ್ನದ ಬಿಸಿಲಿಗೆ ಸಾಲು ಚದುರಿ ಎಲ್ಲರೂ ಬಂಡೆಯ ನೆರಳು ಸೇರಿದಾಗ, ಅವಳೊಬ್ಬಳೇ ಬಾಟಲಿಯ ಬಾಯಿಗೆ ಹತ್ತಿದಳು. ತನ್ನ ಶಂಖದಿಂದ ಹೊರಬಂದು, ಅದನ್ನು ಅಡ್ಡ ತಿರುಗಿಸಿ, ಬಾಯೊಳಗೆ ಗಟ್ಟಿಯಾಗಿ ಸಿಕ್ಕಿಸಿದಳು. ಆಮೇಲೆ ಬರಿಮೈಯಲ್ಲಿ ಪಕ್ಕದ ಒದ್ದೆ ಮರಳನ್ನು ಕೆದಕಿ ಅಡಗಿ ಕೂತಳು. ಕಾಗೆಯ ನೆರಳು ಹಾದಾಗಲೆಲ್ಲ ಇನ್ನಷ್ಟು ಆಳಕ್ಕೆ ಹುದುಗುತ್ತಿದ್ದಳು. ಆದರೂ ಬೊಮ್ಮಿಯ ದಾರಿ ಮುಚ್ಚಿತಲ್ಲ ಎಂದು ಅವಳಿಗೆ ಸಮಾಧಾನವಿತ್ತು.

ಬಿಸಿಲಿಳಿದ ಮೇಲೆ ಊರು ಮರಳಿ ಬಂತು. ಬೀರಯ್ಯ ಶಂಖವನ್ನು ತಟ್ಟಿ ನೋಡಿದ. "ಖಾಲಿ ಮನೆ!"

"ತೆಗೀಬೇಡಿ!" ಹೊನ್ನಿ ಮರಳಿನಿಂದ ತಲೆಯೆತ್ತಿ ಕೂಗಿದಳು. "ಅದು ನನ್ನ ಮನೆ!"

"ಒಳಗೆ ನೀನಿಲ್ಲವಲ್ಲ. ಬಿಟ್ಟ ಮನೆ ಊರಿಗೆ ಸೇರಿದ್ದು."

ಪದ್ಧತಿಯೆಂದರೆ ಪದ್ಧತಿ. ಬೀರಯ್ಯ ಶಂಖವನ್ನು ಎಳೆದು ತೆಗೆದು ಅದರೊಳಗೆ ಹೊಕ್ಕ. ಅವನು ಬಿಟ್ಟದ್ದಕ್ಕೆ ಇನ್ನೊಬ್ಬ, ಆ ಇನ್ನೊಬ್ಬ ಬಿಟ್ಟದ್ದಕ್ಕೆ ಮತ್ತೊಬ್ಬ. ಕೊನೆಗೆ ಬೊಮ್ಮಿಗೂ ಹದವಾದ ಮನೆಯೊಂದು ಸಿಕ್ಕಿತು. ಅವಳು ಕುಣಿದಳು. ಎಷ್ಟೋ ದಿನಗಳ ಮೇಲೆ ಊರಿಗೆ ಊರೇ ನಿರಾಳವಾಗಿ ಉಸಿರಾಡಿತು.

ಆಗ ಎಲ್ಲರ ಕಣ್ಣೂ ಹೊನ್ನಿಯ ಬರಿಬೆನ್ನಿನ ಮೇಲೆ ಬಿತ್ತು. ಬೀರಯ್ಯ ಊರಿನವರತ್ತ ತಿರುಗಿದ.

"ನಮಗೆಲ್ಲ ಮನೆ ಕೊಟ್ಟು ತಾನು ಬರಿಮೈಯಲ್ಲಿ ಕೂತಿದ್ದಾಳೆ. ನಾವು ಆಡಿಕೊಂಡದ್ದು ತಪ್ಪಾಯ್ತು. ಇವಳನ್ನು ಹೀಗೇ ಬಿಟ್ಟರೆ ನಮ್ಮ ಊರಿಗೆ ಶೋಭೆಯಾ? ಸಾಲಿಲ್ಲ, ಸರದಿಯಿಲ್ಲ, ಈ ದೊಡ್ಡ ಮನೆ ಇವತ್ತು ಹೊನ್ನಿಗೆ."

ಊರು ಒಕ್ಕೊರಲಿನಿಂದ ಹೌದೆಂದಿತು. ಹೊನ್ನಿ ಬೇಡವೆಂದು ಕೊಸರಾಡಿದಳು, ಅತ್ತಳು.

"ಸಂಕೋಚ ಎಂತದು ಮಾರಾಯ್ತಿ," ಎನ್ನುತ್ತ ಅವರು ಅವಳ ಮೆತ್ತನೆಯ ಬೆನ್ನಿಗೆ ಗಾಯವಾಗದಂತೆ ಜೋಪಾನವಾಗಿ ಎತ್ತಿಕೊಂಡು ಬಾಟಲಿಯ ಬಾಯಿಯವರೆಗೆ ಹೋದರು. ಬೊಮ್ಮಿ ಎಲ್ಲರಿಗಿಂತ ಮುಂದೆ ನಿಂತು, ಅಕ್ಕನನ್ನು ಮೆಲ್ಲಗೆ ಒಳಗೆ ಇಳಿಸಿದಳು.

"ಅಳಬೇಡ ಅಕ್ಕಾ," ಎಂದಳು. "ಇನ್ನು ಸ್ವಲ್ಪ ಬೆಳೆದ ಕೂಡಲೇ ನಾನೂ ನಿನ್ನ ಹತ್ತಿರವೇ ಬರ್ತೇನೆ."